ಚಂದ್ರಗುತ್ತಿಯ ಮಂತ್ರಿ ಮಾಧವ

ನಮ್ಮ ಸೀಮೆಯ ಯಾವ ಶಾಲೆಗೆ ಹೋದರೂ ಒಂದು ತರಗತಿಯಲ್ಲಿ ಮೂವರು ಮಂಜುನಾಥರೋ ನಾಲ್ವರು ಬಸವರಾಜರೋ ಇದ್ದೇ ಇರುತ್ತಾರೆ. ಹಾಜರಿ ಪುಸ್ತಕದಲ್ಲಿ ಅವರನ್ನು ಬೇರೆ ಮಾಡುವುದು ಹೆಸರಿನ ಹಿಂದೆ ಮುಂದೆ ಬರುವ ಒಂದು ಅಕ್ಷರ. ತಂದೆಯ ಹೆಸರೋ, ಊರಿನ ಹೆಸರೋ ಆ ಅಕ್ಷರದಲ್ಲಿ ಅಡಗಿರುತ್ತದೆ. ಆ ಅಕ್ಷರ ತಪ್ಪಿದರೆ ಒಬ್ಬನ ಅಂಕ ಇನ್ನೊಬ್ಬನ ಪಾಲಾಗುತ್ತದೆ. ಇತಿಹಾಸದಲ್ಲೂ ಹೀಗೆ ಆಗುವುದುಂಟು. ಅಲ್ಲಿ ಒಬ್ಬನ ಜೀವಮಾನದ ದುಡಿಮೆ ಇನ್ನೊಬ್ಬನ ಖಾತೆಗೆ ಜಮೆಯಾಗಿಬಿಡುತ್ತದೆ. ದೂರು ಕೊಡಲು ಸತ್ತವನು ಎದ್ದು ಬರುವುದಿಲ್ಲ. ಹಾಗೆ ಖಾತೆ ತಪ್ಪಿದ ಒಬ್ಬನ ವಿಷಯ ಇಲ್ಲಿ ಹೇಳಬೇಕೆಂದಿದ್ದೇನೆ. ಅವನ ಹೆಸರು ಮಾಧವ. ವಿಜಯನಗರದ ಮೊದಲ ಅರಸರ ಕಾಲದಲ್ಲಿ ಮಂತ್ರಿ, ಸೇನಾನಿ, ಪ್ರಾಂತ್ಯಾಧಿಕಾರಿ, ಜೊತೆಗೆ ಶೈವಶಾಸ್ತ್ರದ ಪಂಡಿತ.

ನಾನು ಕೆಲಸಕ್ಕೆ ಸೇರಿದಾಗ ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೆ ಸೇರಿದ್ದವು. 1997ರಲ್ಲಿ ದಾವಣಗೆರೆ ಜಿಲ್ಲೆಯಾಗಿ ಮೂರೂ ಅದಕ್ಕೆ ಬಂದವು. ಹೊನ್ನಾಳಿಯ ಹೋಬಳಿಯಾಗಿದ್ದ ನ್ಯಾಮತಿಯೂ ಆಮೇಲೆ ತಾಲ್ಲೂಕಾಯಿತು. ಈ ನಾಲ್ಕೂ ಕಡೆ ನಾನು ಪಾಠ ಹೇಳಿದ್ದೇನೆ. ಬಿ.ಎಲ್. ರೈಸ್ ಅವರ ಶಾಸನ ಸಂಪುಟಗಳಲ್ಲಿ ಮಾತ್ರ ಹಳೆಯ ಗಡಿಗಳು ಹಾಗೆಯೇ ಉಳಿದಿವೆ. 1902ರಲ್ಲಿ ಅಚ್ಚಾದ ಏಳನೆಯ ಸಂಪುಟದಲ್ಲಿ ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳು ಅಕ್ಕಪಕ್ಕದಲ್ಲಿವೆ; ಜಗಳೂರು ಹನ್ನೊಂದನೆಯದರಲ್ಲಿದೆ. ಹೊನ್ನಾಳಿಯ ಶಾಸನ ಹುಡುಕಲು ಹೋದವರು ಪುಟ ತಿರುವುತ್ತಾ ಶಿಕಾರಿಪುರದ ಬಳ್ಳಿಗಾವಿಗೆ ಹೋಗಿ ನಿಲ್ಲುತ್ತಾರೆ. ನಾನೂ ಹಾಗೆಯೇ ಹೋದೆ. ಅಲ್ಲಿಂದ ಮುಂದಕ್ಕೆ ಸೊರಬ, ಚಂದ್ರಗುತ್ತಿ. ಮಾಧವ ಮಂತ್ರಿ ಸಿಕ್ಕಿದ್ದು ಈ ದಾರಿಯಲ್ಲಿ.

ಮೊದಲು ಅವನು ನಿಂತಿದ್ದ ನೆಲದ ಮಾತು. ಬನವಾಸಿ ಹನ್ನೆರಡು ಸಾವಿರ ಎಂದು ಹಳೆಯ ಶಾಸನಗಳು ಕರೆಯುವ ನಾಡು ಬಹಳ ಹಿಂದಿನಿಂದ ಮಠಗಳ ನಾಡು. ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠವನ್ನು 1162ರ ಒಂದು ಶಾಸನ ವರ್ಣಿಸುತ್ತದೆ. ಅಲ್ಲಿ ನಾಲ್ಕು ವೇದಗಳ ಪಾಠವಿತ್ತು, ಹಲವು ವ್ಯಾಕರಣಗಳ ಪಾಠವಿತ್ತು, ನ್ಯಾಯ, ಸಾಂಖ್ಯಗಳ ಜೊತೆಗೆ ಬೌದ್ಧ ದರ್ಶನವನ್ನೂ ಹೇಳಿಕೊಡುತ್ತಿದ್ದರು. ದಿಕ್ಕಿಲ್ಲದವರು, ಕುಂಟರು, ಕುರುಡರು, ಹಾಡುವವರು, ಬಾರಿಸುವವರು, ಜೈನ ಸನ್ಯಾಸಿಗಳು, ಎಲ್ಲರಿಗೂ ಅನ್ನವಿತ್ತು. ರೋಗಿಗಳಿಗೆ ಔಷಧವಿತ್ತು. ಕಾಳಾಮುಖರೆಂಬ ಶೈವಾಚಾರ್ಯರು ಆ ಮಠದ ಒಡೆಯರು. ಕಳಚುರಿ ಬಿಜ್ಜಳನಂಥವನೂ ಅಲ್ಲಿಗೆ ದಾನ ಕೊಟ್ಟ. ರಾಜನು ಗುರುವಿನ ಕಾಲಿಗೆರಗುವುದೂ, ಗುರು ರಾಜನ ದಾನದಿಂದ ನೂರಾರು ಎಲೆ ಹಾಕಿಸುವುದೂ ಈ ನೆಲಕ್ಕೆ ಹೊಸದಲ್ಲ.

ಅದೇ 1162ರಲ್ಲಿ ಇಂಗ್ಲೆಂಡಿನಲ್ಲಿ ಎರಡನೆಯ ಹೆನ್ರಿ ತನ್ನ ಮುಖ್ಯ ಮಂತ್ರಿಯಾಗಿದ್ದ ಥಾಮಸ್ ಬೆಕೆಟ್‌ನನ್ನು ಕ್ಯಾಂಟರ್‌ಬರಿಯ ಮಹಾಧರ್ಮಾಧ್ಯಕ್ಷನನ್ನಾಗಿ ಮಾಡಿದ. ಮಂತ್ರಿಯೇ ಧರ್ಮಗುರುವಾದರೆ ಎರಡು ಅಧಿಕಾರವೂ ತನ್ನ ಮುಷ್ಟಿಯಲ್ಲಿರುತ್ತವೆ ಎಂಬುದು ದೊರೆಯ ಲೆಕ್ಕ. ಆ ಲೆಕ್ಕ ಕೈಕೊಟ್ಟಿತು. ಬೆಕೆಟ್ ಇಗರ್ಜಿಯ ಪಕ್ಷ ಹಿಡಿದ, ದೊರೆಯ ಆಳುಗಳು 1170ರ ಡಿಸೆಂಬರ್ 29ರಂದು ಅವನನ್ನು ಇಗರ್ಜಿಯೊಳಗೇ ಕೊಂದರು. ಬಿ.ಎ. ಓದುವಾಗ ಈ ಕಥೆಯನ್ನು ನಾವೆಲ್ಲ ಉಸಿರು ಬಿಗಿಹಿಡಿದು ಓದಿದ್ದೆವು. ನಮ್ಮ ಬಳ್ಳಿಗಾವಿಯ ಮಠದ ವಿಷಯ ಮಾತ್ರ ನಾನು ಓದಿದ್ದು ಮೇಷ್ಟ್ರಾದ ಮೇಲೆ.

ಈಗ ಮಾಧವನ ಕಡೆಗೆ ಬರೋಣ. ಸಂಗಮನ ಐದು ಮಕ್ಕಳಲ್ಲಿ ಹರಿಹರ, ಬುಕ್ಕರ ಹೆಸರು ಮಕ್ಕಳಿಗೂ ಗೊತ್ತು. ಮಾರಪ್ಪನ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಈ ಮಾರಪ್ಪ ಚಂದ್ರಗುತ್ತಿಯಿಂದ ಪಶ್ಚಿಮದ ಸೀಮೆಯನ್ನು ಆಳಿದವನು. ಸೊರಬ ತಾಲ್ಲೂಕಿನ 1347ರ ಶಾಸನ ಅವನ ಮಂತ್ರಿಯಾಗಿ ಮಾಧವನನ್ನು ಹೆಸರಿಸುತ್ತದೆ. ರಾಜ್ಯ ಆಗ ತಾನೇ ಕಣ್ಣು ಬಿಡುತ್ತಿದ್ದ ಕೂಸು. ಘಟ್ಟದ ಮೇಲೆ ಹಳೆಯ ಕದಂಬ ಮನೆತನದವರು, ಕೆಳಗೆ ಗೋವೆಯ ಬಂದರು, ಉತ್ತರದಲ್ಲಿ ಅದೇ 1347ರಲ್ಲಿ ಹುಟ್ಟಿದ ಬಹಮನಿ ರಾಜ್ಯ. ಇವುಗಳ ನಡುವೆ ಹೊಸ ನಾಡನ್ನು ಕಟ್ಟಿ ನಿಲ್ಲಿಸುವುದು ಬರೀ ಕತ್ತಿಯಿಂದ ಆಗುವ ಕೆಲಸವಲ್ಲ. ಊರೂರಿನ ಲೆಕ್ಕ ತಿಳಿದವನು ಬೇಕು, ಹಳೆಯ ದತ್ತಿಗಳನ್ನು ಕೆಡಿಸದೆ ನಡೆಸುವವನು ಬೇಕು, ಮಠದ ಸ್ವಾಮಿಗಳ ಹತ್ತಿರ ಸಂಸ್ಕೃತದಲ್ಲಿ ಮಾತಾಡಬಲ್ಲವನು ಬೇಕು. ಮಾಧವನಲ್ಲಿ ಇವೆಲ್ಲ ಇದ್ದವು.

ಅವನ ಗುರು ಕಾಶೀವಿಲಾಸ ಕ್ರಿಯಾಶಕ್ತಿ. ಸಂಗಮ ವಂಶದ ಮೊದಲ ಅರಸರಿಗೂ ಇವರೇ ರಾಜಗುರು. ಬಳ್ಳಿಗಾವಿಯ ಮಠದವರು ನಡೆದು ಬಂದ ಶೈವ ಪರಂಪರೆಗೇ ಇವರೂ ಸೇರಿದವರು ಎಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಶಿಷ್ಯನು ಗುರುವಿಗೆ ತಕ್ಕವನಾಗಿದ್ದ. ಸ್ಕಾಂದಪುರಾಣಕ್ಕೆ ಸೇರಿದ ಸೂತಸಂಹಿತೆಗೆ ತಾತ್ಪರ್ಯದೀಪಿಕೆ ಎಂಬ ವ್ಯಾಖ್ಯಾನ ಬರೆದವನು ಈ ಮಂತ್ರಿಯೇ. ಉಪನಿಷತ್ತುಗಳ ಮಾರ್ಗವನ್ನು ನೆಲೆಗೊಳಿಸಿದವನು ಎಂಬರ್ಥದ ಬಿರುದು ಅವನಿಗಿತ್ತು. ಭುವನೈಕವೀರ ಎಂಬ ಬಿರುದೂ ಇತ್ತು. ಒಂದು ಪಂಡಿತನಿಗೆ ಕೊಡುವಂಥದು, ಇನ್ನೊಂದು ದಂಡನಾಯಕನಿಗೆ. ಎರಡನ್ನೂ ಹೊತ್ತು ಓಡಾಡಿದವನು ಒಬ್ಬನೇ ಮನುಷ್ಯ.

1368ರ ಶಿಕಾರಿಪುರ ತಾಲ್ಲೂಕಿನ ಶಾಸನದಲ್ಲಿ ಅವನು ಮಾಡಿದ ಒಂದು ದೊಡ್ಡ ದಾನದ ವಿವರವಿದೆ. ಬುಕ್ಕರಾಯನ ಕಾಲ. ಮಾಧವ ಆಗ ಬನವಾಸಿ ನಾಡಿನ ಅಧಿಕಾರಿ. ಗುರು ಕ್ರಿಯಾಶಕ್ತಿಗಳ ಅಪ್ಪಣೆಯಂತೆ ಶೈವವ್ರತವೊಂದನ್ನು ಪೂರೈಸಿ, ಮುಚ್ಚುಂಡಿ ಎಂಬ ಊರನ್ನು ವಿದ್ಯೇಶ್ವರಪುರವೆಂದು ಹೊಸ ಹೆಸರಿಟ್ಟು 80 ಮಂದಿ ಬ್ರಾಹ್ಮಣರಿಗೆ ಕೊಟ್ಟ. ಆ ಎಂಬತ್ತು ಮಂದಿ ಎಲ್ಲಿಯವರು? ಕಾಶ್ಮೀರದವರು. ಹೊನ್ನಾಳಿಯಿಂದ ಶಿಕಾರಿಪುರಕ್ಕೆ ಬಸ್ಸು ಹತ್ತುವವರಿಗೆ ಇದು ಕಟ್ಟುಕಥೆಯಂತೆ ಕೇಳಿಸುತ್ತದೆ. ಹಿಮಾಲಯದ ಮಡಿಲಿನಿಂದ ಶೈವಶಾಸ್ತ್ರ ಬಲ್ಲ ಎಂಬತ್ತು ಮನೆತನಗಳು ನಮ್ಮ ಮಲೆನಾಡಿನ ಅಂಚಿಗೆ ಬಂದು ಗದ್ದೆಯ ಉತ್ಪನ್ನ ಪಡೆದವು. ದೆಹಲಿ ಯಾವ ದಿಕ್ಕಿಗಿದೆಯೆಂದು ಕೇಳಿದರೆ ತಬ್ಬಿಬ್ಬಾಗುವ ಮಕ್ಕಳಿಗೆ ಇದನ್ನು ಹೇಳಿದಾಗ ಅವರ ಕಣ್ಣು ಅರಳುವುದನ್ನು ನೋಡಬೇಕು.

ಗೋವೆಯ ಕಥೆ ಇನ್ನೂ ದೊಡ್ಡದು. ಬಹಮನಿಗಳ ಕೈಯಲ್ಲಿದ್ದ ಗೋವೆಯನ್ನು 1380ರ ಸುಮಾರಿಗೆ ವಿಜಯನಗರ ವಶಪಡಿಸಿಕೊಂಡಿತು. ಆ ದಂಡಿನ ಮುಂದಾಳು ಇದೇ ಮಾಧವ. ಕುದುರೆಗಳು ಹಡಗಿನಿಂದ ಇಳಿಯುತ್ತಿದ್ದ ಬಂದರು ಅದು. ಕುದುರೆಯಿಲ್ಲದೆ ಯುದ್ಧವಿಲ್ಲ, ಬಂದರಿಲ್ಲದೆ ಕುದುರೆಯಿಲ್ಲ. ಗೆದ್ದ ಮೇಲೆ ಅವನು ಮಾಡಿದ ಕೆಲಸಗಳಲ್ಲಿ ಒಂದು, ಕದಂಬರ ಕುಲದೇವರಾಗಿದ್ದ ಸಪ್ತಕೋಟೇಶ್ವರನ ಲಿಂಗವನ್ನು ಮತ್ತೆ ಪ್ರತಿಷ್ಠೆ ಮಾಡಿದ್ದು. ಆ ದೇವರ ಹಣೆಬರಹವೂ ವಿಚಿತ್ರವಾದದ್ದು. 1540ರಲ್ಲಿ ಪೋರ್ಚುಗೀಸರು ದಿವಾಡಿ ದ್ವೀಪದ ಗುಡಿಯನ್ನು ಕೆಡವಿದರು. ಭಕ್ತರು ಲಿಂಗವನ್ನು ಹೊಳೆಯಾಚೆಯ ನಾರ್ವೆಗೆ ಸಾಗಿಸಿದರು. 1668ರಲ್ಲಿ ಶಿವಾಜಿ ಅಲ್ಲಿ ಗುಡಿಯ ಜೀರ್ಣೋದ್ಧಾರ ಮಾಡಿಸಿದ. ಮಾಧವ ಮಂತ್ರಿ ಎತ್ತಿ ನಿಲ್ಲಿಸಿದ ಆ ಪೂಜೆ ಇಂದಿಗೂ ನಡೆಯುತ್ತಿದೆ. 1391ರಲ್ಲಿ ಅವನು ಗೋವೆಯ ಸೀಮೆಯಲ್ಲಿ 24 ಮಂದಿ ಬ್ರಾಹ್ಮಣರಿಗೆ ಭೂಮಿ ಕೊಟ್ಟ ತಾಮ್ರಶಾಸನವೂ ಇದೆ. 1347ರಿಂದ 1391ರವರೆಗೆ ಲೆಕ್ಕ ಹಾಕಿದರೆ ನಲವತ್ತನಾಲ್ಕು ವರ್ಷಗಳ ರಾಜಸೇವೆ. ನಮ್ಮ ಕಾಲದ ಸರಕಾರಿ ನೌಕರರಲ್ಲಿ ಯಾರಿಗೂ ಇಷ್ಟು ದೀರ್ಘ ಸರ್ವಿಸ್ ಇಲ್ಲ!

ಇಂಥವನ ಖಾತೆ ತಪ್ಪಿದ್ದು ಹೇಗೆ? ಅದೇ ಕಾಲದಲ್ಲಿ ಇನ್ನೊಬ್ಬ ಮಾಧವರಿದ್ದರು. ಪರಾಶರಮಾಧವೀಯವನ್ನು ಬರೆದ ಮಾಧವಾಚಾರ್ಯರು, ವೇದಗಳಿಗೆ ಭಾಷ್ಯ ಬರೆಸಿದ ಸಾಯಣಾಚಾರ್ಯರ ಅಣ್ಣ. ಸಂಪ್ರದಾಯದ ಪ್ರಕಾರ ಇವರೇ ಸನ್ಯಾಸ ತೆಗೆದುಕೊಂಡು ವಿದ್ಯಾರಣ್ಯರೆನಿಸಿ 1380ರಿಂದ 1386ರವರೆಗೆ ಶೃಂಗೇರಿಯ ಪೀಠದಲ್ಲಿದ್ದವರು. ತಮ್ಮ ಸಾಯಣರೂ ಮಂತ್ರಿ, ಉದಯಗಿರಿಯ ಸಂಗಮನಿಗೂ ಬುಕ್ಕರಾಯನಿಗೂ. ಹೀಗಾಗಿ ಮಂತ್ರಿ, ಮಾಧವ, ಪಂಡಿತ, ಬುಕ್ಕರಾಯ ಎಂಬ ನಾಲ್ಕು ಪದಗಳು ಒಟ್ಟಿಗೆ ಬಂದಾಗ ಹಿಂದಿನ ಇತಿಹಾಸಕಾರರು ಕೆಲವರು ಇಬ್ಬರನ್ನೂ ಒಬ್ಬರೆಂದೇ ತಿಳಿದರು. ಗೋವೆ ಗೆದ್ದ ಕೀರ್ತಿಯೂ ವಿದ್ಯಾರಣ್ಯರಿಗೆ ಸೇರಿತು. ದೊಡ್ಡ ಮರದ ನೆರಳಿನಲ್ಲಿ ಚಿಕ್ಕ ಮರ ಕಾಣದೆ ಹೋಯಿತು.

ಇದನ್ನು ಬಿಡಿಸಿದವರಲ್ಲಿ ನಮ್ಮ ಆರ್. ನರಸಿಂಹಾಚಾರ್ಯರು ಮುಖ್ಯರು. 1916ರಲ್ಲಿ ಮಾಧವಾಚಾರ್ಯರ ಮತ್ತು ಅವರ ತಮ್ಮಂದಿರ ಬಗೆಗೆ ಅವರು ಬರೆದ ಲೇಖನ ಪ್ರಸಿದ್ಧವಾದದ್ದು. ಬಿಡಿಸುವ ಕ್ರಮ ಎಷ್ಟು ಸರಳವೆಂದರೆ ಹೈಸ್ಕೂಲು ಮಕ್ಕಳೂ ಮಾಡಬಹುದು. ಕರಿಹಲಗೆಯ ಮೇಲೆ ಎರಡು ಸಾಲು ಎಳೆದು ಬರೆಯಿಸುತ್ತೇನೆ. ಎಡಗಡೆ ಮಾಧವಾಚಾರ್ಯರು: ತಂದೆ ಮಾಯಣ, ತಾಯಿ ಶ್ರೀಮತಿ, ಭಾರದ್ವಾಜ ಗೋತ್ರ, ತಮ್ಮಂದಿರು ಸಾಯಣ, ಭೋಗನಾಥ, ಗುರುಗಳು ವಿದ್ಯಾತೀರ್ಥರು, ಭಾರತೀತೀರ್ಥರು. ಬಲಗಡೆ ಮಾಧವ ಮಂತ್ರಿ: ತಂದೆ ಚೌಂಡ, ತಾಯಿ ಮಾಚಾಂಬಿಕೆ, ಆಂಗಿರಸ ಗೋತ್ರ, ಗುರು ಕ್ರಿಯಾಶಕ್ತಿ. ಒಂದು ಮನೆಯ ಗುರುತು ಇನ್ನೊಂದಕ್ಕೆ ಹೊಂದುವುದಿಲ್ಲ. ಇನ್ನು ಕಾಲದ ಲೆಕ್ಕ. ವಿದ್ಯಾರಣ್ಯರು ತೀರಿಕೊಂಡದ್ದು 1386ರಲ್ಲಿ. ಮಂತ್ರಿಯು ಗೋವೆಯಲ್ಲಿ ದಾನ ಕೊಟ್ಟದ್ದು 1391ರಲ್ಲಿ. ಸತ್ತು ಐದು ವರ್ಷವಾದವರು ದಾನ ಕೊಡುವುದುಂಟೆ? ಅಷ್ಟು ಹೇಳಿದರೆ ಹಿಂದಿನ ಬೆಂಚಿನವರೂ ನಗುತ್ತಾರೆ, ವಿಷಯ ಮನಸ್ಸಿನಲ್ಲಿ ಕೂತುಬಿಡುತ್ತದೆ.

ಸನ್ಯಾಸಿಯೊಬ್ಬರು ಹಕ್ಕಬುಕ್ಕರಿಗೆ ರಾಜ್ಯ ಕಟ್ಟಿಕೊಟ್ಟರು ಎಂಬ ಕಥೆಯ ಗತಿಯೇನು ಎಂದು ಕೆಲವರು ಕೇಳಬಹುದು. 1535ರ ಸುಮಾರಿಗೆ ಬರೆದ ಪೋರ್ಚುಗೀಸ್ ನೂನಿಜನ ಬರವಣಿಗೆಯಲ್ಲೇ ಒಬ್ಬ ತಪಸ್ವಿಯ ಕಥೆ ಬರುತ್ತದೆ. ಜನ ಅದನ್ನು ಆಗಲೇ ನಂಬಿದ್ದರು. 1929ರಲ್ಲಿ ಹೆನ್ರಿ ಹೆರಾಸ್ ಈ ಕಥೆ ತಡವಾಗಿ ಕಟ್ಟಿದ್ದೆಂದು ವಾದ ಮಾಡಿದರು. ಅವರನ್ನು ಒಪ್ಪದವರೂ ಬರೆದರು. 1346ರಲ್ಲಿ ಐವರು ಸಹೋದರರು ಶೃಂಗೇರಿಗೆ ಬಂದು ದಾನ ಕೊಟ್ಟ ಶಾಸನ ಭಾರತೀತೀರ್ಥರಿಗೂ ಅವರ ಶಿಷ್ಯರಿಗೂ ಕೊಟ್ಟದ್ದು. ಇಷ್ಟನ್ನು ಮಕ್ಕಳ ಮುಂದಿಟ್ಟು, ಜನ ನಂಬಿದ್ದು ಇದು, ಕಲ್ಲಿನಲ್ಲಿರುವುದು ಇದು ಎಂದು ಬೇರೆ ಬೇರೆಯಾಗಿ ಹೇಳಿದರೆ ಯಾರ ಭಕ್ತಿಗೂ ಕುಂದಾಗುವುದಿಲ್ಲ. ಪಂಚದಶಿಯನ್ನು ಓದಿದವರಿಗೆ ವಿದ್ಯಾರಣ್ಯರ ದೊಡ್ಡತನ ಗೊತ್ತೇ ಇದೆ. ಅದಕ್ಕೆ ಗೋವೆಯ ಕೋಟೆಯನ್ನು ಸೇರಿಸಬೇಕಾದ ಅಗತ್ಯವಿಲ್ಲ.

ಇದೇ ಹೊತ್ತಿನಲ್ಲಿ ಇಂಗ್ಲೆಂಡಿನಲ್ಲಿ ವಿಲಿಯಂ ಆಫ್ ವಿಕಂ ಎಂಬವನಿದ್ದ. ಅವನೂ ನಮ್ಮವರಂತೆ ಊರ ಹೆಸರನ್ನೇ ಹೊತ್ತವನು, ಸಾಮಾನ್ಯ ಮನೆತನದಲ್ಲಿ ಹುಟ್ಟಿದವನು. 1356ರಲ್ಲಿ ಮೂರನೆಯ ಎಡ್ವರ್ಡ್ ದೊರೆಯ ವಿಂಡ್ಸರ್ ಕೋಟೆಯ ಕಟ್ಟಡದ ಮೇಲ್ವಿಚಾರಣೆಗೆ ನಿಂತ. ಲೆಕ್ಕದಲ್ಲಿ ಚುರುಕು, ಕೆಲಸದಲ್ಲಿ ಗಟ್ಟಿ. ಅಂಥವನಿಗೆ ಸಂಬಳ ಕೊಡಲು ದೊರೆ ಬೊಕ್ಕಸಕ್ಕೆ ಕೈ ಹಾಕಲಿಲ್ಲ. ಒಂದೊಂದು ಇಗರ್ಜಿಯ ಉತ್ಪನ್ನವನ್ನು ಅವನ ಹೆಸರಿಗೆ ಬರೆಸುತ್ತಾ ಹೋದ. 1367ರಲ್ಲಿ ಅವನು ವಿಂಚೆಸ್ಟರಿನ ಬಿಷಪ್ಪನೂ ಆದ, ರಾಜ್ಯದ ಚಾನ್ಸಲರನೂ ಆದ. ಮಾರನೆಯ ವರ್ಷವೇ ನಮ್ಮ ಮಾಧವ ವಿದ್ಯೇಶ್ವರಪುರವನ್ನು ದಾನ ಕೊಟ್ಟದ್ದು.

ವಿಕಂನ ದಾರಿ ಸುಗಮವಾಗಿರಲಿಲ್ಲ. 1371ರಲ್ಲಿ ಪಾರ್ಲಿಮೆಂಟು, ದೊಡ್ಡ ಹುದ್ದೆಗಳಲ್ಲಿ ಪಾದ್ರಿಗಳು ಬೇಡ, ಗೃಹಸ್ಥರಿರಲಿ ಎಂದು ಹಟ ಹಿಡಿಯಿತು, ಅವನು ಇಳಿದ. 1376ರಲ್ಲಿ ರಾಜಕುಮಾರ ಜಾನ್ ಆಫ್ ಗಾಂಟ್‌ನ ಹಗೆತನದಿಂದ ಅವನ ಪೀಠದ ಆಸ್ತಿಯನ್ನೇ ಮುಟ್ಟುಗೋಲು ಹಾಕಿಕೊಂಡರು. ಬಿಷಪ್ ಪದವಿಯನ್ನು ಮಾತ್ರ ಕಿತ್ತುಕೊಳ್ಳಲು ಆಗಲಿಲ್ಲ, ಅದು ದೊರೆಯ ಕೈಯಲ್ಲಿರಲಿಲ್ಲ. ಮರುವರ್ಷ ಆಸ್ತಿ ಹಿಂದಕ್ಕೆ ಬಂತು. 1389ರಲ್ಲಿ ಮತ್ತೆ ಚಾನ್ಸಲರ್ ಆಗಿ 1391ರಲ್ಲಿ ಬಿಟ್ಟ. ಅವನು ಕೈಯಲ್ಲಿ ಬಂದ ಹಣವನ್ನು ಏನು ಮಾಡಿದ ಎಂಬುದೇ ನಮ್ಮಂಥ ಮೇಷ್ಟ್ರುಗಳಿಗೆ ಮುಖ್ಯ. 1379ರಲ್ಲಿ ಆಕ್ಸ್‌ಫರ್ಡಿನಲ್ಲಿ ನ್ಯೂ ಕಾಲೇಜನ್ನೂ, 1382ರಲ್ಲಿ ವಿಂಚೆಸ್ಟರಿನಲ್ಲಿ 70 ಹುಡುಗರ ಒಂದು ಶಾಲೆಯನ್ನೂ ಸ್ಥಾಪಿಸಿದ. 1348-49ರ ಮಹಾಮಾರಿಯಲ್ಲಿ ಓದುಬರಹ ಬಲ್ಲ ಪಾದ್ರಿಗಳು ಗುಂಪುಗುಂಪಾಗಿ ಸತ್ತಿದ್ದರು; ಆ ಜಾಗ ತುಂಬಬೇಕಾಗಿತ್ತು. ಎರಡು ಸಂಸ್ಥೆಗಳೂ ಈಗಲೂ ನಡೆಯುತ್ತಿವೆ.

ಇಬ್ಬರನ್ನೂ ಪಕ್ಕದಲ್ಲಿಟ್ಟು ನೋಡಿದಾಗ ಒಂದು ಮುಖ್ಯ ವ್ಯತ್ಯಾಸ ಕಾಣುತ್ತದೆ. ಅಲ್ಲಿ ಗುರುಪೀಠ, ಮಂತ್ರಿಪದವಿ ಎರಡೂ ಒಬ್ಬನ ತಲೆಯ ಮೇಲೆ ಬಂದವು. ಇಲ್ಲಿ ಪೀಠದಲ್ಲಿ ಕ್ರಿಯಾಶಕ್ತಿ, ಆಸ್ಥಾನದಲ್ಲಿ ಮಾಧವ. ಗುರು ಹೇಳಿದ, ಶಿಷ್ಯ ನಡೆಸಿದ. ಅಲ್ಲಿಯ ಬಿಷಪ್ಪನ ಮೇಲೆ ಪೋಪನೆಂಬ ಇನ್ನೊಬ್ಬ ಯಜಮಾನನಿದ್ದ, ಆದ್ದರಿಂದಲೇ ದೊರೆಗೂ ಪೀಠಕ್ಕೂ ಜಗಳ ಹತ್ತಿ ಬೆಕೆಟ್‌ನಂಥವನ ರಕ್ತ ಚೆಲ್ಲಿತು. ಇಲ್ಲಿ ಮಠಕ್ಕೆ ಹೊರಗಿನ ಒಡೆಯನಿಲ್ಲ. ಸಂಗಮರು ಕ್ರಿಯಾಶಕ್ತಿಗಳಿಗೂ ನಮಸ್ಕರಿಸಿದರು, ಶೃಂಗೇರಿಗೂ ದಾನ ಕೊಟ್ಟರು. ಬುಕ್ಕರಾಯ 1368ರಲ್ಲೇ ಜೈನರಿಗೂ ಶ್ರೀವೈಷ್ಣವರಿಗೂ ಬಂದ ವ್ಯಾಜ್ಯವನ್ನು ತೀರಿಸಿ ಇಬ್ಬರ ಕೈಯನ್ನೂ ಕೂಡಿಸಿದ. ಶ್ರವಣಬೆಳಗೊಳದ ಶಾಸನ ಅದಕ್ಕೆ ಸಾಕ್ಷಿ. ಇಬ್ಬರು ಮಾಧವರನ್ನು ಒಬ್ಬನನ್ನಾಗಿ ಮಾಡಿದರೆ ನಾವು ಕಳೆದುಕೊಳ್ಳುವುದು ಈ ತಿಳಿವಳಿಕೆಯನ್ನು. ಆಗ ರಾಜ್ಯ ಒಂದೇ ಮಠದ, ಒಂದೇ ಮತದ ಕೂಸಾಗಿ ಕಾಣುತ್ತದೆ. ಅದು ಹಲವು ಕೈಗಳು ಹಿಡಿದೆತ್ತಿದ ತೊಟ್ಟಿಲು.

ಹೀಗೆಂದು ಮಾಧವ ಮಂತ್ರಿಯನ್ನು ದೇವರಂತೆ ಕೂರಿಸುವ ಆಸೆ ನನಗಿಲ್ಲ. ಮುಚ್ಚುಂಡಿಯ ದಾನಶಾಸನ ಓದುವಾಗ ಒಂದು ಮುಳ್ಳು ಚುಚ್ಚುತ್ತದೆ. ಕೊಟ್ಟವನ ವಂಶ, ಪಡೆದವರ ಶಾಖೆ, ಗುರುವಿನ ಬಿರುದು ಎಲ್ಲಕ್ಕೂ ಜಾಗವಿರುವ ಕಾಲದಲ್ಲಿ ಆ ಗದ್ದೆಯನ್ನು ಉತ್ತವರಿಗೆ ಕಲ್ಲಿನ ಮೇಲೆ ಜಾಗವಿಲ್ಲ. ಊರಿನ ಹೆಸರು ಒಂದು ಬೆಳಗಿಗೆ ಬದಲಾಯಿತು. ನಿನ್ನೆಯವರೆಗೆ ಅರಮನೆಗೆ ಅಳೆಯುತ್ತಿದ್ದ ಭತ್ತವನ್ನು ನಾಳೆಯಿಂದ ಭಾಷೆ ತಿಳಿಯದ ಎಂಬತ್ತು ಮನೆಗಳಿಗೆ ಅಳೆಯಬೇಕಾಯಿತು. ಅವರು ಏನೆಂದುಕೊಂಡರು? ಜಗಳೂರಿನಲ್ಲಿ ಮಳೆ ಕೈಕೊಟ್ಟ ವರ್ಷಗಳಲ್ಲಿ ಗುಳೆ ಹೋಗುವ ಮನೆಯ ಮಕ್ಕಳಿಗೆ ಪಾಠ ಹೇಳಿದವಳು ನಾನು; ದಾನದ ಕಥೆ ಓದುವಾಗ ನನ್ನ ಕಣ್ಣು ಮೊದಲು ಕಣಜದ ಕಡೆಗೆ ಹೋಗುತ್ತದೆ. ವಿಕಂನ ಶಾಲೆಗೂ ಇದೇ ಮಾತು ಸಲ್ಲುತ್ತದೆ. ಅದರ ಎಪ್ಪತ್ತು ಹುಡುಗರ ರೊಟ್ಟಿ ಯಾವುದೋ ಹಳ್ಳಿಯ ರೈತ ಇಗರ್ಜಿಗೆ ಕೊಟ್ಟ ಹತ್ತನೆಯ ಒಂದು ಪಾಲಿನಿಂದ ಬಂದದ್ದು.

ಆದರೂ ಇಬ್ಬರನ್ನೂ ಬರೀ ಸುಲಿಗೆಯವರೆಂದು ತಳ್ಳಿಹಾಕಲು ಮನಸ್ಸು ಒಪ್ಪುವುದಿಲ್ಲ. ಅಧಿಕಾರ ಸಿಕ್ಕ ಎಷ್ಟೋ ಜನ ಬಂದ ಉತ್ಪನ್ನವನ್ನು ತಮ್ಮ ಮನೆಗೇ ಕಟ್ಟಿಕೊಂಡರು. ಇವರು ಅದರ ಒಂದು ಪಾಲನ್ನು ವಿದ್ಯೆಯ ಕಡೆಗೆ ತಿರುಗಿಸಿದರು. ಹೊಳೆಯ ನೀರನ್ನು ಕಾಲುವೆಗೆ ತಿರುಗಿಸಿದಂತೆ. ಕಾಲುವೆಯ ಕೊನೆಯ ಗದ್ದೆಗೆ ನೀರು ಮುಟ್ಟಲಿಲ್ಲವೆಂಬುದು ನಿಜ. ಕಾಲುವೆ ತೋಡಿದ್ದೂ ನಿಜ. ಎರಡನ್ನೂ ಒಂದೇ ಪಾಠದಲ್ಲಿ ಹೇಳುವುದು ಇತಿಹಾಸದ ಮೇಷ್ಟ್ರ ಕರ್ತವ್ಯ.

ನಮ್ಮ ಹಳ್ಳಿಗಳಲ್ಲಿ ಶಾಸನದ ಕಲ್ಲುಗಳು ಇನ್ನೂ ಬೇಕಾದಷ್ಟಿವೆ. ಗುಡಿಯ ಮುಂದೆ ಕೆಲವು ನಿಂತಿವೆ, ಕೆರೆಯ ಏರಿಯಲ್ಲಿ ಕೆಲವು ಅರ್ಧ ಹೂತಿವೆ, ಕೆಲವಕ್ಕೆ ಸುಣ್ಣ ಬಳಿದಿದ್ದಾರೆ, ಕೆಲವು ಬಟ್ಟೆ ಒಗೆಯುವ ಕಲ್ಲಾಗಿವೆ. ಹೊನ್ನಾಳಿಯಲ್ಲಿರಲಿ, ನ್ಯಾಮತಿಯಲ್ಲಿರಲಿ, ಪ್ರತಿ ವರ್ಷ ಒಂದು ತಂಡ ಮಕ್ಕಳಿಗೆ ನಾನು ಒಂದು ಕೆಲಸ ಕೊಡುತ್ತೇನೆ: ನಿಮ್ಮೂರಿನ ಕಲ್ಲನ್ನು ನೀರು ಹಾಕಿ ತೊಳೆದು, ಕುಂಕುಮದ ಕೆಳಗೆ ಎಷ್ಟು ಸಾಲು ಅಕ್ಷರವಿದೆಯೆಂದು ಎಣಿಸಿಕೊಂಡು ಬನ್ನಿ. ಓದಲು ಬಾರದಿದ್ದರೂ ಚಿಂತೆಯಿಲ್ಲ, ಎಣಿಸಿದರೆ ಸಾಕು. ಎಣಿಸಿದ ಕಲ್ಲನ್ನು ಮಕ್ಕಳು ಯಾರಿಗೂ ಒಡೆಯಲು ಬಿಡುವುದಿಲ್ಲ. ಅದರಲ್ಲಿ ಯಾವ ಮಂತ್ರಿಯ, ಯಾವ ಗೌಡನ, ಯಾವ ಒಕ್ಕಲಿನ ಹೆಸರಿದೆಯೋ ಯಾರು ಬಲ್ಲರು? ಕಲ್ಲು ಉಳಿದರೆ ಮುಂದೆ ಓದುವವರು ಬಂದೇ ಬರುತ್ತಾರೆ.